ಕಣ್ಣು ಮಿಟುಕಿಸಿದರೆ ಸಾಕು

ಬುಟಿಬೋರಿ, ನಾಗಪುರ
ಪೋಳಾ ಹಬ್ಬದ ಮರುದಿನ, ಶನಿವಾರ
೨೩ ಆಗಸ್ಟ್ ೨೦೨೫

ಪ್ರೀತಿಯ ಪ್ರಭು ಅಣ್ಣನಿಗೆ,

ನಿನ್ನ ತಂಗಿ ಅನಸೂಯಳ ಶರಣು. ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೆಯ ಇಯತ್ತೆ ಮುಗಿಸಿ ಇಂಡಿ ಊರಿನ ಅಜ್ಜಿಯ ಮನೆ ಬಿಟ್ಟು ಬಂದ ಮೇಲೆ ಕನ್ನಡದಲ್ಲಿ ನಾನು ಬರೆದದ್ದು ಕಿರಾಣಿ ಚೀಟಿ ಮಾತ್ರ. ಅದನ್ನೂ ಇಲ್ಲಿಯ ಅಂಗಡಿಯವನು ಓದಲಾರ, ನಾನೇ ಓದಿ ಹೇಳಬೇಕು. ಒತ್ತು ಎಲ್ಲಿ, ದೀರ್ಘ ಎಲ್ಲಿ ಎನ್ನುವುದು ಅರ್ಧ ಮರೆತಿದೆ. ತಪ್ಪಿದ್ದಲ್ಲಿ ನೀನೇ ಸರಿ ಮಾಡಿಕೊಂಡು ಓದು. ಇಲ್ಲಿಯ ಮರಾಠಿ ಶಾಲೆಯಲ್ಲಿ ನನ್ನನ್ನು ಮತ್ತೆ ಒಂದನೆಯ ಇಯತ್ತೆಯ ಸಣ್ಣ ಮಕ್ಕಳ ನಡುವೆ ಕೂರಿಸಿದಾಗ ನಾಚಿಕೆಯಿಂದ ಓಡಿ ಬಂದವಳು ನಾನು, ಆ ನಾಚಿಕೆ ಇನ್ನೂ ಹೋಗಿಲ್ಲ. ಈ ಕಾಗದ ಬರೆಯುವಾಗಲೂ ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತದೆ.

ನಿನ್ನ ಸೊಂಟದ ನೋವು ಹೇಗಿದೆ? ಡಾಕ್ಟರು ಕೊಟ್ಟ ಬೆಲ್ಟ್ ಕಟ್ಟಿಕೊಳ್ಳುತ್ತೀಯೋ ಅಥವಾ ಲಾರಿಯ ಸೀಟಿನ ಹಿಂದೆ ನೇತು ಹಾಕಿದ್ದೀಯೋ? ನಿನ್ನ ಸ್ವಭಾವ ನನಗೆ ಗೊತ್ತು. ಧಾಬಾದಲ್ಲಿ ಖಾರ ಕಡಿಮೆ ತಿನ್ನು. ಹೋದ ಸಲ ಕಟ್ಟಿ ಕೊಟ್ಟ ಶೇಂಗಾ ಚಟ್ನಿ ಇಷ್ಟೊತ್ತಿಗೆ ಮುಗಿದಿರಬೇಕು, ಅವ್ವ ಮತ್ತೆ ಕುಟ್ಟಿ ಇಟ್ಟಿದ್ದಾಳೆ. ನಿದ್ದೆ ಬಂದರೆ ಗಾಡಿ ಬದಿಗೆ ಹಚ್ಚಿ ಮಲಗು. ಅವ್ವ ಊಟಕ್ಕೆ ಕೂತಾಗಲೆಲ್ಲ ಈ ಮಾತು ಹೇಳುತ್ತಾಳೆ, ಎದುರಿಗೆ ನೀನೇ ಕೂತಿದ್ದೀಯೇನೋ ಎನ್ನುವ ಹಾಗೆ.

ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಅಂದುಕೊಳ್ಳಬಹುದು. ಫೋನ್ ಈಗ ಅವ್ವನ ಮೈಬಿಟ್ಟು ಕದಲುವುದಿಲ್ಲ. ಒಲೆಯ ಮುಂದೆ ಕೂತರೆ ಮಡಿಲಲ್ಲಿ, ನೀರಿಗೆ ಹೋದರೆ ಸೊಂಟದಲ್ಲಿ, ಮಲಗಿದರೆ ದಿಂಬಿನ ಕೆಳಗೆ. ನಿನ್ನ ಕರೆ ಬಂದಾಗ ನಾನು ಮಾತಾಡುವುದೆಲ್ಲ ಅವಳ ಕಿವಿಯ ಹತ್ತಿರವೇ. ಅಲ್ಲದೆ ಇಂಥ ಮಾತನ್ನು ಬಾಯಿಂದ ಆಡಲು ಹೋದರೆ ನಾನು ಬೇರೇನೋ ಹೇಳಿ ಕರೆ ಮುಗಿಸಿಬಿಡುತ್ತೇನೆ. ಕಾಗದದಲ್ಲಾದರೆ ನಿಧಾನವಾಗಿ ಬರುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಇಲ್ಲಿ ಯಾರೂ ಓದಲಾರರು: ಅವ್ವನಿಗೆ ಅಕ್ಷರ ಬರುವುದಿಲ್ಲ, ಅಂಗಳದ ಆಚೆಯ ಕೇದಾರ ಕಾಕಾನ ಮನೆಯವರಿಗೆ ಓದಲು ಬರುವುದು ಮರಾಠಿ ಮಾತ್ರ. ಇದನ್ನು ಸೋಲಾಪುರದ ನಿನ್ನ ಮಾಲೀಕರ ಆಫೀಸಿಗೆ ಹಾಕುತ್ತೇನೆ, ಗಾಡಿ ಬಂದಾಗ ನಿನ್ನ ಕೈಗೆ ಕೊಡಲಿ ಎಂದು.

ವಿಷಯ ಅಪ್ಪನ ಕಿಸಾನ್ ದುಡ್ಡಿನದು. ಅಜ್ಜ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ಇಲ್ಲಿ ಕೊಂಡ ಹೊಲ ಅಪ್ಪನ ಹೆಸರಿನಲ್ಲಿದೆ, ಅದಕ್ಕಾಗಿ ಸರಕಾರದ ದುಡ್ಡು ವರ್ಷಕ್ಕೆ ಮೂರು ಸಲ ಅಪ್ಪನ ಖಾತೆಗೆ ಬರುತ್ತದೆ, ಖಾತೆಗೆ ಹಚ್ಚಿರುವುದು ಮನೆಯ ಈ ಫೋನಿನ ನಂಬರು. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲೋ ಧೈರ್ಯ ಹೋಗಿಬಿಡುತ್ತದೆ. ಮೂರು ವರ್ಷದ ಹಿಂದೆ ಅಪ್ಪ ಎಂದಿನಂತೆ ಇಂಡಿಗೆ ಹೋಗಿ, ಊರವರು ಹೊರುವ ಮಲ್ಲಯ್ಯನ ಕಂಬಿಯ ಜೊತೆ ಶ್ರೀಶೈಲಕ್ಕೆ ನಡೆದು ಹೋದರು. ಯುಗಾದಿ ಮುಗಿಸಿ ಎಲ್ಲರೂ ಬಂದರು, ಅಪ್ಪ ಬರಲಿಲ್ಲ. ಪಾತಾಳಗಂಗೆಯಲ್ಲಿ ಸ್ನಾನ ಮಾಡಿದ್ದನ್ನು ಒಬ್ಬರು ನೋಡಿದ್ದರಂತೆ, ಕಾಡಿನ ದಾರಿಯಲ್ಲಿ ಹಿಂದೆ ಉಳಿದದ್ದನ್ನು ಇನ್ನೊಬ್ಬರು. ನೀನು ಹುಡುಕಲು ಹೋದೆ. ಬಹಳ ದಿನ ಬಿಟ್ಟು ಒಬ್ಬನೇ ಬಂದೆ, ಸೊರಗಿದ್ದೆ. ಅವ್ವನ ಮುಂದೆ ಕೂತು, "ನೋಡಿದವರು ಅದಾರ. ಕಾವಿ ಹಾಕ್ಕೊಂಡು ಮುಂದಿನ ಕ್ಷೇತ್ರಕ್ಕ ಹೋಗ್ಯಾರಂತ" ಎಂದು ಹೇಳಿದೆ. ಅದರ ಮುಂದಿನ ಅಮಾವಾಸ್ಯೆಗೆ ಫೋನಿಗೆ ಮೆಸೇಜು ಬಂತು, ಅಪ್ಪನ ಖಾತೆಯಿಂದ ಪರಳಿಯ ಮಷೀನಿನಲ್ಲಿ ಹಣ ತೆಗೆದಿದ್ದಾರೆ ಎಂದು.

ಆ ದಿನವನ್ನು ನಾನು ಮರೆಯುವುದಿಲ್ಲ. ಊರ ಹೆಸರು ನಾನು ಓದಿ ಹೇಳಿದ ಕೂಡಲೇ ಅವ್ವ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಎದ್ದು, "ಪರಳಿ ಅಂದ್ರ ವೈಜನಾಥ! ಜ್ಯೋತಿರ್ಲಿಂಗ ಮಾಡಾಕತ್ತಾರ ಅವರು" ಎಂದು ಕಾಕಾನ ಮನೆಯವರೆಗೆ ಓಡಿದಳು. ಹಿಟ್ಟಿನ ಕೈಯಿಂದಲೇ ಹಣೆಗೆ ಕುಂಕುಮ ಹಚ್ಚಿಕೊಂಡಿದ್ದಳು. ಆಮೇಲೆ ಬಂದ ಒಂದೊಂದು ಊರಿಗೂ ಅವಳು ಒಂದೊಂದು ದೇವರನ್ನು ಕೂಡಿಸಿದಳು. ನಾಶಿಕ ಬಂದರೆ ತ್ರ್ಯಂಬಕೇಶ್ವರ, ಉಜ್ಜಯಿನಿ ಬಂದರೆ ಮಹಾಕಾಲ. ಒಮ್ಮೆ ಜಾಲನಾ ಎಂದು ಬಂದಾಗ ಅಲ್ಲಿ ಯಾವ ದೇವರಿದ್ದಾನೆಂದು ಯಾರಿಗೂ ಹೊಳೆಯಲಿಲ್ಲ. ಅವ್ವನೇ, "ಘೃಷ್ಣೇಶ್ವರಕ್ಕ ಅದ ದಾರಿ ಇರಬೇಕು ತೊಗೊ" ಅಂದಳು. ಎಲ್ಲ ಮೆಸೇಜುಗಳೂ ಅಮಾವಾಸ್ಯೆಯಂದೇ ಬರುತ್ತಿದ್ದವು. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು: "ಅಮಾಸಿ ಸ್ನಾನ ಬಿಡಾಂಗಿಲ್ಲ ಅವರು. ಸ್ನಾನಕ್ಕ ಊರಾಗ ಇಳದಾಗ ಖರ್ಚಿಗೆ ರೊಕ್ಕ ತಗಿತಾರ." ಇಷ್ಟೇ ಅವಳಿಗೆ ಅಪ್ಪನ ಸುದ್ದಿ. ಇದನ್ನು ನೆಚ್ಚಿಕೊಂಡೇ ಅವಳು ಕುಂಕುಮ ಇಡುತ್ತಾಳೆ, ಕೈತುಂಬ ಹಸಿರು ಬಳೆ ತೊಡುತ್ತಾಳೆ. ದಿನಾ ಬೆಳಗ್ಗೆ ಮೊದಲ ರೊಟ್ಟಿಯನ್ನು ಬಡಿದು ಅಪ್ಪನ ಪಾಲಿಗೆಂದು ಬುಟ್ಟಿಯಲ್ಲಿ ಬೇರೆ ಇಡುತ್ತಾಳೆ, ಸಂಜೆ ಅದನ್ನು ಕಾಕಾನ ಹಸುವಿಗೆ ಹಾಕುತ್ತಾಳೆ.

ಈ ಸಲದ ಕಂತು ಬರಲಿಲ್ಲ. ಸುತ್ತಲಿನವರ ಫೋನೆಲ್ಲ ಟಿಂಗ್ ಎಂದರೂ ನಮ್ಮದು ಸುಮ್ಮನಿತ್ತು. ಅವ್ವನ ಕಾಟ ತಡೆಯಲಾರದೆ ಅವಳನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮೃದುಲಾ ಎಂಬ ಹುಡುಗಿ ಕೂರುತ್ತಾಳೆ, ಒಳ್ಳೆಯವಳು. ಕಂಪ್ಯೂಟರಿನಲ್ಲಿ ನೋಡಿ, ಈಗ ಪ್ರತಿಯೊಬ್ಬ ರೈತನೂ ಮೊಬೈಲಿಗೆ ಮುಖ ತೋರಿಸಬೇಕು, ಅದು ಆಗುವವರೆಗೆ ದುಡ್ಡು ಬಿಡುವುದಿಲ್ಲ ಎಂದಳು. ಅಪ್ಪ ಎಲ್ಲಿದ್ದಾರೆ ಎಂದು ಕೇಳಿದಳು. ಅವ್ವ ತನಗೆ ಬರುವ ಮರಾಠಿಯಲ್ಲಿ "ಯಾತ್ರೇಲಾ ಗೇಲೆ" ಅಂದಳು, ಯಾತ್ರೆಗೆ ಹೋಗಿದ್ದಾರೆ ಎಂದು. ಹಾಗಾದರೆ ಚಿಂತೆಯೇ ಇಲ್ಲ, ಇದ್ದ ಊರಿನಲ್ಲೇ ಇಂಥ ಕೇಂದ್ರಕ್ಕೆ ಹೋಗಿ ಮೊಬೈಲಿನ ಮುಂದೆ ಕೂತು ಒಂದು ಸಲ ಕಣ್ಣು ಮಿಟುಕಿಸಿದರೆ ಸಾಕು, ಎರಡು ನಿಮಿಷದ ಕೆಲಸ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. "ಇಷ್ಟ? ಕಣ್ಣ ಮಿಟುಕಿಸಿದ್ರ ಆತೇನ?" ಎಂದು ಅವ್ವ ಎರಡೆರಡು ಸಲ ಕೇಳಿದಳು.

ಹೇಗೆಂದು ತೋರಿಸಲು ಮೃದುಲಾ ತನ್ನ ಮೊಬೈಲನ್ನು ಅವ್ವನ ಮುಖದ ಮುಂದೆ ಹಿಡಿದಳು. ಅವ್ವ ಸೆರಗು ಸರಿಮಾಡಿಕೊಂಡು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈ ಮುಗಿದು ಕೂತುಬಿಟ್ಟಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. "ಕಾಕೂ, ದೇವ ನಾಹೀ, ಮೊಬೈಲ್ ಆಹೇ!" ಇದು ದೇವರಲ್ಲ, ಮೊಬೈಲು ಎಂದು ಮೃದುಲಾ ಕೂಡ ನಕ್ಕಳು. ಅವ್ವನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದೆ. ಆಮೇಲೆ ಮೆಲ್ಲಗೆ ನನ್ನ ಕಡೆ ಬಾಗಿ, "ಫೋಟೋ ಹಿಡದ್ರ ನಡೀತೈತೇನ ಕೇಳು" ಎಂದಳು. ನಡೆಯುವುದಿಲ್ಲ, ಫೋಟೋ ಕಣ್ಣು ಮಿಟುಕಿಸುವುದಿಲ್ಲವಲ್ಲ, ಅದಕ್ಕೇ ಹೀಗೆ ಮಾಡಿದ್ದಾರೆ ಎಂದು ಮೃದುಲಾ ಹೇಳಿದಳು. ಈಗ ಬಹಳ ಬಿಗಿ ಮಾಡಿದ್ದಾರಂತೆ. ಪಕ್ಕದ ಹಳ್ಳಿಯ ಒಬ್ಬಾತ ಸತ್ತ ತಂದೆಯ ಕಾರ್ಡಿನಿಂದ ಇದೇ ದುಡ್ಡನ್ನು ತೆಗೆಯುತ್ತಿದ್ದನಂತೆ. ಹಣ ಕೊಡುವ ಮಷೀನಿನ ಮೇಲೆ ಕ್ಯಾಮೆರಾ ಇರುತ್ತದೆ, ಅದರಲ್ಲಿ ಅವನ ಮುಖ ಸಿಕ್ಕಿತು, ತಿಂದದ್ದೆಲ್ಲ ಕಕ್ಕಿಸಿ ಮೇಲೆ ಕೇಸೂ ಹಾಕಿದರಂತೆ. ಅವ್ವ ಇದನ್ನೆಲ್ಲ ನನ್ನಿಂದ ಕೇಳಿಸಿಕೊಂಡು, "ಅದರಾಗ ಮಾರಿ ಕಾಣ್ತೈತೇನ?" ಎಂದು ಒಂದೇ ಮಾತು ಕೇಳಿದಳು. ಕಾಣುತ್ತದೆ ಎಂದೆ. ಎಲ್ಲೋ ಒಂದು ಮಷೀನಿನಲ್ಲಿ ಅಪ್ಪನ ಮುಖ ಉಳಿದಿರಬಹುದು, ಅದನ್ನು ನೋಡಬಹುದು ಎಂಬ ಆಸೆ ಅವಳಿಗೆ ಹುಟ್ಟಿತು ಎಂದುಕೊಂಡು ನಾನು ಅವಳ ಕೈ ಹಿಡಿದು ಹೊರಗೆ ಕರೆತಂದೆ.

ಅವತ್ತಿನಿಂದಲೇ ಫೋನು ಅವಳ ಕೈಗೆ ಅಂಟಿಕೊಂಡದ್ದು. ಸಾಲ ಬೇಕೇ ಎನ್ನುವ ಮೆಸೇಜು, ರೀಚಾರ್ಜು ಮುಗಿಯಿತು ಎನ್ನುವ ಮೆಸೇಜು, ಯಾವುದು ಬಂದರೂ ಬೆಚ್ಚಿ ಬೀಳುತ್ತಾಳೆ. "ಅನಸಿ, ಜಲ್ದಿ ನೋಡು, ಬ್ಯಾಂಕಿಂದೇನ?" ಎನ್ನುತ್ತಾಳೆ. ಅಲ್ಲವ್ವಾ ಎಂದರೆ ಉಸಿರು ಬಿಟ್ಟು ಫೋನನ್ನು ಮತ್ತೆ ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಅನ್ನ ಸೇರುತ್ತಿಲ್ಲ. ಕುಪ್ಪಸದ ತೋಳು ಜೋಲುತ್ತಿದೆ. ಬಳೆಗಳು ಮೊಣಕೈವರೆಗೆ ಜಾರುತ್ತವೆ.

ಇಷ್ಟೇ ಆಗಿದ್ದರೆ ಇನ್ನೂ ಸ್ವಲ್ಪ ದಿನ ನೋಡುತ್ತಿದ್ದೆ. ನಿನ್ನೆ ಪೋಳಾ ಇತ್ತು. ಕಾಕಾ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿ, ಊರ ತೋರಣದ ಕೆಳಗೆ ನಿಲ್ಲಿಸಿ ಮನೆಗೆ ತಂದರು. ಬಾಗಿಲಿಗೆ ಬಂದ ಎತ್ತುಗಳಿಗೆ ಆರತಿ ಎತ್ತುವವಳು ಪ್ರತಿ ವರ್ಷ ಅವ್ವ, ಮನೆಯ ಹಿರಿಯ ಸೊಸೆ ಎಂದು. ಅವ್ವ ಇಳಕಲ್ ಸೀರೆ ಉಟ್ಟು ತಾಟು ಹಿಡಿದು ನಿಂತಿದ್ದಳು. ದಾಕ್ಷಾಯಿಣಿ ಕಾಕಿ ಬಂದು ಅವಳ ಕೈಯಿಂದ ತಾಟನ್ನು ತೆಗೆದುಕೊಂಡು, "ಅಕ್ಕಾ, ಈ ಸಲ ನಮ್ಮ ಶೀತಲ್ ಎತ್ತಲಿ ಬಿಡ್ರಿ. ನೀವು ಕೂಡ್ರಿ, ನಿಮಗ ಮೊಣಕಾಲು ನೋಯ್ತಾವ" ಎಂದಳು. ಅವ್ವನ ಮೊಣಕಾಲಿಗೆ ಏನೂ ಆಗಿಲ್ಲ ಅಣ್ಣಾ. ಅಲ್ಲಿದ್ದ ಎಲ್ಲರಿಗೂ ಗೊತ್ತು. ಕಾಕಾನ ಸೊಸೆ ಶೀತಲ್ ಪಾಪ ನೆಲ ನೋಡುತ್ತ ಆರತಿ ಎತ್ತಿದಳು. ಅವ್ವ ಹೋಗಿ ಕಟ್ಟೆಯ ಮೇಲೆ ಕೂತಳು. ಎತ್ತು ಅವಳ ಕೈಯಿಂದ ಹೋಳಿಗೆ ತಿಂದು ಅಭ್ಯಾಸವಾದದ್ದು, ಆರತಿ ಮುಗಿಯುವ ಮೊದಲೇ ಹಗ್ಗ ಜಗ್ಗಿಕೊಂಡು ಕಟ್ಟೆಯ ಹತ್ತಿರ ಬಂದು ಅವಳ ಸೆರಗು ಮೂಸಿತು.

ಊಟವಾದ ಮೇಲೆ ಕಾಕಾ ಬಂದು ಅವ್ವನ ಎದುರಿಗೆ ಕೂತರು. "ವೈನಿ, ಸಿಟ್ಟ ಮಾಡಬ್ಯಾಡ್ರಿ, ಬರೋಬರ್ ವಿಚಾರ ಮಾಡ್ರಿ. ಹೋದ ವರ್ಷ ಆಣೆಕಲ್ಲು ಬಿದ್ದಾಗ ಬಂದ ಪರಿಹಾರ ಅಣ್ಣನ ಖಾತೇದಾಗ ಹಂಗ ಬಿದ್ದೈತಿ. ಜೀವಂತ ಇದ್ದಾಂವ ಅದನ್ನ ಯಾಕ ಮುಟ್ಟಿಲ್ಲ? ಬರೇ ಕಿಸಾನ್ ರೊಕ್ಕ ಅಷ್ಟ ಯಾಕ ತಗಿತಾನ?" ಎಂದರು. ಅವ್ವ, "ಸನ್ಯಾಸಿಗೆ ಎಷ್ಟ ಬೇಕೋ ಅಷ್ಟ" ಎಂದಳು. ಕಾಕಾ ನಿಟ್ಟುಸಿರು ಬಿಟ್ಟರು. ಅವರು ಕೆಟ್ಟವರಲ್ಲ, ನಾನು ಅವರನ್ನು ದೂರಲಾರೆ. ಮೂರು ವರ್ಷದಿಂದ ಆ ಹೊಲದಲ್ಲಿ ತೊಗರಿ, ಹತ್ತಿ ಬೆಳೆಯುತ್ತಿರುವವರು ಅವರು. ಬೀಜ ಅವರದು, ಬೆವರು ಅವರದು, ಆದರೆ ಬೆಳೆ ಹೋದಾಗ ಪರಿಹಾರ ಬರುವುದು ಅಪ್ಪನ ಹೆಸರಿಗೆ. ಅಪ್ಪ ಇನ್ನಿಲ್ಲವೆಂದು ಮನೆಯವರು ಒಪ್ಪಿಕೊಳ್ಳದೆ ಕಾಗದದಲ್ಲಿ ಒಂದು ಹೆಸರೂ ಬದಲಾಗುವುದಿಲ್ಲ. ಕೊನೆಗೆ ಅವರು ಹೇಳಿದ್ದು ಇದು: "ಮಹಾನವಮಿ ಅಮಾಸಿಗೆ ಹಿರಿಯರಿಗೆ ಎಡಿ ಇಡ್ತೀವಲ್ಲ, ಈ ವರ್ಷ ನಮ್ಮಪ್ಪನ ಧೋತರದ ಬಾಜೂಕ ಅಣ್ಣನದೂ ಒಂದು ಧೋತರ ಇಡೋಣು. ಆಮ್ಯಾಲೆ ನಿಮ್ಮ ಕುಂಕುಮ ಅಳಿಸೂದು... ಅದನ್ನ ನಾ ಹೇಳಬಾರದು, ಹೆಣ್ಮಕ್ಕಳು ನೋಡ್ಕೊಳ್ಳಿ." ಬ್ಯಾಂಕಿಗೂ ಹೇಳಿ ಬಂದಿದ್ದಾರಂತೆ. ಇನ್ನು ಮುಂದೆ ಅಪ್ಪನ ಕಾರ್ಡಿನಿಂದ ಯಾರೇ ಹಣ ತೆಗೆದರೂ ಕ್ಯಾಮೆರಾದ ಫೋಟೋ ತರಿಸಿ ನೋಡಬೇಕೆಂದು ಅರ್ಜಿ ಕೊಟ್ಟಿದ್ದಾರಂತೆ. ಅವ್ವ ಎದ್ದು ಒಳಗೆ ಹೋದಳು.

ಅಣ್ಣಾ, ಇನ್ನು ನಾನು ಬರೆಯಲು ಹೆದರುತ್ತಿರುವ ಮಾತು. ಈ ವರ್ಷದ ಶಿವರಾತ್ರಿ ಅಮಾವಾಸ್ಯೆಯಂದು ನೀನು ಹಿಂಗಣಘಾಟದಿಂದ ಫೋನ್ ಮಾಡಿದ್ದೆ, ನೆನಪಿದೆಯೇ? ಗಾಡಿಗೆ ಪೂಜೆಯಾಯಿತು, ಗಾಲಿಗೆ ನಿಂಬೆಹಣ್ಣು ಇಟ್ಟೆ, ಇವತ್ತು ಇಡೀ ದಿನ ಬೇವಿನ ಮರದ ಕೆಳಗೆ ನಿದ್ದೆ ಎಂದು ನಗುತ್ತಿದ್ದೆ. ಅಮಾವಾಸ್ಯೆಗೆ ಎತ್ತು ಹೂಡಬಾರದು ಎಂಬುದು ಅಪ್ಪನ ನಿಯಮ. ನಿನಗೆ ಎತ್ತಿನ ಬದಲು ಲಾರಿ ಬಂತು, ನಿಯಮ ಹಾಗೇ ಉಳಿಯಿತು, ಮಾಲೀಕರೂ ನಮ್ಮ ಕಡೆಯವರೇ. ಕಾನಡಿ ಜನರ ಟ್ರಕ್ ಕೂಡ ಉಪವಾಸ ಮಾಡುತ್ತದೆ ಎಂದು ಇಲ್ಲಿಯ ಮರಾಠಿಯವರು ಚೇಷ್ಟೆ ಮಾಡುವುದಿಲ್ಲವೇ? ಅವತ್ತು ಮಾತಿನ ನಡುವೆ, "ತಡಿ ಅನಸಿ, ಒಂದ ಸಣ್ಣ ಕೆಲಸ ಐತಿ" ಎಂದು ಕರೆ ಕತ್ತರಿಸಿದೆ. ನಾನು ಫೋನನ್ನು ಕೆಳಗಿಡುವ ಮೊದಲೇ ಟಿಂಗ್ ಎಂದಿತು. ಅಪ್ಪನ ಖಾತೆಯಿಂದ ಹಣ ತೆಗೆದಿದ್ದಾರೆ, ಊರು ಹಿಂಗಣಘಾಟ.

ಹಿಂಗಣಘಾಟದಲ್ಲಿ ಯಾವ ಜ್ಯೋತಿರ್ಲಿಂಗವೂ ಇಲ್ಲ. ಇಲ್ಲಿಂದ ಬಸ್ಸಿಗೆ ಒಂದು ತಾಸು. ಅಲ್ಲಿಯವರೆಗೆ ಬಂದ ಅಪ್ಪ ಮನೆಗೆ ಬರದೆ ಹೋದರು ಎಂದು ಅವ್ವ ಮೂರು ದಿನ ಅತ್ತಳು. ನಾನು ಅಳಲಿಲ್ಲ. ನಾನು ಹಳೆಯ ಮೆಸೇಜುಗಳನ್ನು ನೋಡುತ್ತ ಕೂತೆ. ಎಲ್ಲವೂ ಅಮಾವಾಸ್ಯೆ. ನಿನಗೆ ಗಾಡಿ ನಿಲ್ಲುವ ದಿನ ಅದೊಂದೇ. ಉಜ್ಜಯಿನಿಗೆ ನೀನು ಈರುಳ್ಳಿ ಒಯ್ದಿದ್ದೆ. ಜಾಲನಾದಿಂದ ಕಬ್ಬಿಣದ ಸಲಾಕೆ ತಂದಿದ್ದೆ. ಪರಳಿಗೆ ಹೋದದ್ದು ವಿದ್ಯುತ್ ಕೇಂದ್ರದಲ್ಲಿ ಬೂದಿ ತುಂಬಲು. ಅವ್ವ ಅಲ್ಲಿ ವೈಜನಾಥನನ್ನು ನೋಡಿದಳು.

ನಾನು ಯಾರಿಗೂ ಹೇಳಿಲ್ಲ. ನೀನು ಆ ದುಡ್ಡನ್ನು ಖರ್ಚು ಮಾಡಿಲ್ಲ ಎಂಬುದೂ ಗೊತ್ತು. ಅವ್ವನ ಔಷಧಕ್ಕೆಂದು ನೀನು ಕಳುಹಿಸುವುದು ಯಾವಾಗಲೂ ಅದರ ಹಿಂದಿನಿಂದಲೇ ಬರುತ್ತದೆ. ನೀನು ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ. ಅವ್ವನ ಹಣೆ ಬರಿದಾಗುವುದನ್ನು ನೋಡಲು ನಿನಗೆ ಆಗಲಿಲ್ಲ, ನನಗೂ ಆಗುತ್ತಿರಲಿಲ್ಲ. ಆದರೆ ಒಂದು ಪ್ರಶ್ನೆ ನನ್ನನ್ನು ಮಲಗಲು ಬಿಡುತ್ತಿಲ್ಲ. ಕಾರ್ಡು ಅಪ್ಪನ ಸೊಂಟದ ಚೀಲದಲ್ಲಿತ್ತು. ಹೊರಡುವ ಬೆಳಗ್ಗೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ, ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಹೋದರು. ಆ ಕಾರ್ಡು ನಿನ್ನ ಕೈಗೆ ಹೇಗೆ ಬಂತು? ಅಪ್ಪನನ್ನು ನೀನು ಎಲ್ಲೋ ಕಂಡೆ, ಅವರು ಬರುವುದಿಲ್ಲ ಎಂದರು, ಇದನ್ನು ಇಟ್ಟುಕೋ ಎಂದು ಕೊಟ್ಟರು. ಹೀಗೆ ಆಗಿರಬಹುದು ಎಂದು ನಾನು ದಿನಾ ನನಗೇ ಹೇಳಿಕೊಳ್ಳುತ್ತೇನೆ. ಹೀಗೇ ಆಗಿದ್ದರೆ ಅಪ್ಪನಿಗೆ ಹೇಳು, ಯಾವ ಊರಿನಲ್ಲಾದರೂ ಸರಿ, ಒಂದು ಸಲ ಮೊಬೈಲಿನ ಮುಂದೆ ಕೂತು ಕಣ್ಣು ಮಿಟುಕಿಸಲಿ. ಮನೆಗೆ ಬರದಿದ್ದರೂ ಪರವಾಗಿಲ್ಲ.

ಹಾಗೆ ಆಗಿಲ್ಲವಾದರೆ ಅವ್ವನಿಗೆ ಏನು ಹೇಳಬೇಕೆಂದು ನೀನೇ ಬರೆದು ಕಳುಹಿಸು, ನಾನು ಓದಿ ಹೇಳುತ್ತೇನೆ. ಮಹಾನವಮಿ ಅಮಾವಾಸ್ಯೆಗೆ ಇನ್ನು ಒಂದು ತಿಂಗಳಷ್ಟೇ ಇದೆ. ಕಾಕಿ ಬಂದು ತಾಟು ಕಸಿದುಕೊಂಡ ಹಾಗೆ ಅವಳ ಬಳೆಯನ್ನೂ ಯಾರೋ ಬಂದು ತೆಗೆಯುವುದು ಬೇಡ. ತಿಳಿಯುವುದಾದರೆ ನಮ್ಮಿಂದಲೇ ತಿಳಿಯಲಿ. ಮತ್ತು ಏನೇ ಆಗಲಿ, ಆ ಕಾರ್ಡನ್ನು ಇನ್ನೊಮ್ಮೆ ಮಷೀನಿಗೆ ಹಾಕಬೇಡ. ಕಂತು ನಿಂತಿದೆ, ಅವ್ವನಿಗೆ ಮೆಸೇಜು ಹೋಗಲಿ ಎಂದು ಪರಿಹಾರದ ದುಡ್ಡಿಗೆ ಕೈ ಹಾಕೀಯೆ ಎಂದು ನನಗೆ ಭಯವಾಗಿದೆ.

ನಿನ್ನ ಕ್ಲೀನರ್ ಹುಡುಗನಿಗೂ ಮಾಲೀಕರಿಗೂ ನಮ್ಮ ಶರಣು ತಿಳಿಸು. ಅವ್ವ ಕೇಳಿದ್ದರೆ ಹೇಳುತ್ತಿದ್ದ ಆಶೀರ್ವಾದವನ್ನು ನಾನೇ ಬರೆಯುತ್ತೇನೆ: ದಾರಿ ಕಾಯೋ ಮಲ್ಲಯ್ಯ ನಿನ್ನ ಗಾಲಿಯ ಮುಂದೆ ಇರಲಿ.

ನಿನ್ನ ತಂಗಿ,
ಅನಸೂಯ

ತಾ.ಕ.: ಅಣ್ಣಾ, ಇವತ್ತು ಭಾನುವಾರ ಬೆಳಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಮಡಚುತ್ತಿದ್ದಾಗ ಅವ್ವ ಬಂದು, "ಪ್ರಭೂಗ ಬರದಿಯೇನ?" ಎಂದು ಹತ್ತಿರ ಕೂತಳು. ಏನು ಬರೆದೆ ಎಂದು ಕೇಳಲಿಲ್ಲ. "ಕಾರ್ಡ್ ಮುಟ್ಟಬ್ಯಾಡ ಅಂತ ಬರದಿಯಲ್ಲ?" ಎಂದಳು. ಮಡಚುತ್ತಿದ್ದ ಕಾಗದವನ್ನು ಕೆಳಗಿಟ್ಟೆ. ಅವಳಿಗೆ ಮೊದಲಿನಿಂದಲೂ ಗೊತ್ತು. "ಅಮಾಸಿ ಲೆಕ್ಕ ನಿನಗೊಬ್ಬಾಕಿಗೇ ಬರ್ತೈತೇನ? ಪರಳ್ಯಾಗ ಬೂದಿ ತುಂಬ್ತಾರಂತ ನನಗ ತಿಳೀದೇನ? ಅವರು ಸೊಂಟದ ಚೀಲ ನನಗ ಮುಟ್ಟಗೊಡತಿರಲಿಲ್ಲ. ಅದು ಮಗನ ಕೈಗೆ ಬಂತು ಅಂದ್ರ ಅವರ ಮೈಮ್ಯಾಲಿಂದ ಬಿಚ್ಚಿದ್ದ" ಎಂದಳು. ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದೆ. "ಅಂವ ಅಪ್ಪನ್ನ ಹಂಗ ಉಳಿಸ್ಕೊಂಡಿದ್ದ. ಒಬ್ಬಾಂವ ಗಾಡಿ ಹೊಡಿಯೋ ಹುಡುಗ. ನಾ ಕುಂಕುಮ ಅಳಿಸಿದ್ರ ಗಾಡಿ ಎಲ್ಲಿ ಒಯ್ದು ಹಾಕ್ತಿದ್ನೋ" ಎಂದಳು. ಫೋನ್ ಹಿಡಿದು ಕಾಯುವುದೂ ಮೆಸೇಜು ಬರಲಿ ಎಂದಲ್ಲವಂತೆ. "ಬರಬಾರದು ಅಂತ ಕಾಯಾಕತ್ತೇನಿ. ಟಿಂಗ್ ಅಂದ್ರ ಎದಿ ಝಲ್ ಅಂತೈತಿ, ನನ್ನ ಮಗನ ಮಾರಿ ಆ ಕ್ಯಾಮೆರಾದಾಗ ಸಿಕ್ಕಿತೇನೋ ಅಂತ."

ಅವಳು ನಿನಗೆ ಒಂದೇ ಒಂದು ಮಾತು ಕೇಳಿ ಬರಿ ಎಂದಿದ್ದಾಳೆ, ಅವಳು ಹೇಳಿದ ಹಾಗೇ ಬರೆಯುತ್ತೇನೆ: "ಅಂವ ಒಬ್ಬನ ಹೆಂಗ ಮಣ್ಣ ಕೊಟ್ಟನೋ ನಾ ಕೇಳೂದಿಲ್ಲ. ನಮ್ಮ ಪದ್ಧತೀಲೆ ಕೂಡಿಸಿ ಮಣ್ಣ ಕೊಡುವಾಗ ಅಪ್ಪನ ಎಡಗೈಯಾಗ ಲಿಂಗ ಇಟ್ಟಿದ್ದನೇನು? ಹೌದು ಇಲ್ಲ, ಅಷ್ಟ ಹೇಳಲಿ." ಉತ್ತರ ಕಾಗದದಲ್ಲಿ ಬೇಡವಂತೆ. ಮಹಾನವಮಿ ಅಮಾವಾಸ್ಯೆಗೆ ಗಾಡಿ ಹೇಗೂ ನಿಲ್ಲುತ್ತದೆ, ಅದನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸು. ಬರುವಾಗ ಸೋಲಾಪುರದಿಂದ ಒಂದು ಧೋತರ ತಾ, ಅದನ್ನು ಹಿರಿಯರ ಸಾಲಿನಲ್ಲಿ ಬೇರೆ ಯಾರೂ ಅಲ್ಲ, ನೀನೇ ಇಡಬೇಕಂತೆ. ಅಲ್ಲಿಯವರೆಗೆ ಅವಳು ಕುಂಕುಮ ತೆಗೆಯುವುದಿಲ್ಲ, ಯಾರಿಗೂ ತೆಗೆಯಗೊಡುವುದೂ ಇಲ್ಲ. ಇಷ್ಟು ಹೇಳಿ ಎದ್ದು ಫೋನನ್ನು ಗೂಡಿನಲ್ಲಿಟ್ಟು ಒಲೆಯ ಮುಂದೆ ಕೂತಳು. ಮೊದಲ ರೊಟ್ಟಿ ಬಡಿದು ಬೇಯಿಸಿದಳು. ಬುಟ್ಟಿಯ ಕಡೆಗೆ ಹೋದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಆ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, "ಬಿಸಿ ಐತಿ, ತಿನ್ನು" ಎಂದಳು. ತಿಂದೆ.